ರಾಣಿಯ ಅಪ್ಪಣೆ ಬೇಡದ ಸಭೆ

ಪ್ರಶ್ನೆ: ಜೇನುಗೂಡಿನಲ್ಲಿ ತೀರ್ಮಾನ ರಾಣಿಯದೇ? ಸಂಘದ ಸಭೆ ನಡೆಸುವವರು ಅದರಿಂದ ಕಲಿಯುವುದೇನಾದರೂ ಇದೆಯೇ? – ಓದುಗರು, ಮಂಗಳೂರು, ಕೊಪ್ಪಳ ಜಿಲ್ಲೆ

ರಾಣಿಯದಲ್ಲ. ಅವಳ ಕೆಲಸ ಮೊಟ್ಟೆ ಇಡುವುದು. ಹೊಸ ಮನೆ ಹುಡುಕುವವು ಅನುಭವಿ ಕೆಲಸಗಾರ ಹುಳಗಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಯುರೋಪಿನ ಜೇನುತಳಿಯಲ್ಲಿ ಕಂಡಂತೆ, ಒಳ್ಳೆಯ ಪೊಟರೆ ನೋಡಿ ಬಂದ ಹುಳ ಹೆಚ್ಚು ಹೊತ್ತು ಕುಣಿದು ಸುದ್ದಿ ಮುಟ್ಟಿಸುತ್ತದೆ. ಉಳಿದವು ಸುಮ್ಮನೆ ನಂಬುವುದಿಲ್ಲ, ತಾವೇ ಹೋಗಿ ಪರೀಕ್ಷಿಸುತ್ತವೆ. ಒಂದೇ ಪೊಟರೆಯ ಬಳಿ 20–30 ಹುಳ ಒಟ್ಟಿಗೆ ಸೇರಿದರೆ ತೀರ್ಮಾನ ಆದಂತೆಯೇ.

ವಿಭಾಗದ ಮುಖ್ಯಸ್ಥರಾಗಿದ್ದಾಗ ಸೀಲಿ ತಮ್ಮ ಸಭೆಗಳಿಗೂ ಇದನ್ನೇ ತಂದರು: ಅಧ್ಯಕ್ಷ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಕೊನೆಗೆ ಗುಪ್ತ ಮತ.

ಆದರೆ ಎಲ್ಲ ಕೆಲಸವೂ ಹೀಗೆ ಸಾಗದು. 2019ರಲ್ಲಿ ಹಿರೇಹಳ್ಳದ ಸ್ವಚ್ಛತೆಗೆ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕಿಳಿದರು, ಜನ ಕೈಜೋಡಿಸಿದರು. ಅಲ್ಲಿ ಮುಂದಾಳು ಎದ್ದು ಕಾಣಲೇಬೇಕಿತ್ತು.