ಮೂರು ನಿಮಿಷದ ಭೈರವಿ

ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದಲ್ಲಿ ಕೊನೆಯ ದಿನದ ಕೊನೆಯ ಗಾಯನ ಮುಗಿದ ಮೇಲೆ ಒಂದು ಹಳೆಯ ಧ್ವನಿಮುದ್ರಿಕೆ ಹಾಕುತ್ತಾರೆ. ಸ್ವತಃ ಸವಾಯಿ ಗಂಧರ್ವರು ಹಾಡಿದ ಭೈರವಿ. ಅಷ್ಟರಲ್ಲಿ ಅರ್ಧ ಮಂಡಪ ಎದ್ದಿರುತ್ತದೆ. ಶಾಲು ಝಾಡಿಸುವವರು, ಚಪ್ಪಲಿ ಹುಡುಕುವವರು, ರಿಕ್ಷಾಕ್ಕೆ ಓಡುವವರು. ಯಾರ ಹೆಸರಿನಲ್ಲಿ ದಿನಗಟ್ಟಲೆ ಕೂತೆವೋ ಅವರ ದನಿ ಬಂದಾಗ ನಾವು ಬೆನ್ನು ಹಾಕಿರುತ್ತೇವೆ. ಹುಬ್ಬಳ್ಳಿ ಕಡೆಯಿಂದ ಬಂದು ಪುಣೆಯಲ್ಲಿ ಮನೆ ಮಾಡಿದ ನಾನೂ ಎಷ್ಟೋ ವರ್ಷ ಹಾಗೇ ಎದ್ದು ಹೋದವಳು.

ನನ್ನನ್ನು ಕೂರಿಸಿದ್ದು ಪುಣೆಯ ಜುನಾ ಬಜಾರಿನಲ್ಲಿ ಸಿಕ್ಕ ಸವಾಯಿ ಗಂಧರ್ವರದೇ ಒಂದು ತಟ್ಟೆ. ಭಾನುವಾರದ ಸಂತೆ, ನೆಲದ ಮೇಲೆ ಹಾಸಿದ ಗೋಣಿತಾಟು, ಹಳೆಯ ಬೀಗಗಳ ಪಕ್ಕದಲ್ಲಿ ಗ್ರಾಮೋಫೋನ್ ತಟ್ಟೆಗಳ ಕಟ್ಟು. ಮಾರುವ ಕಾಕಾ ಒಂದನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು ಉಗುರಿನಿಂದ ಬಡಿದರು. ನಾವು ಗಡಿಗೆ ಬಡಿದು ನೋಡುತ್ತೇವಲ್ಲ, ಹಾಗೆ. ಠಣ್ ಎಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕು. ಅರಗಿನ ತಟ್ಟೆ ಅದು, ಕೈಜಾರಿದರೆ ಚೂರು ಚೂರು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ.

ಆ ಮೂರು ನಿಮಿಷವೇ ಈ ಗಾಯಕರಿಗೆ ಆದ ಅನ್ಯಾಯ. ಸವಾಯಿ ಗಂಧರ್ವ ಎಂದರೆ 1886ರಲ್ಲಿ ಹುಟ್ಟಿದ ಕುಂದಗೋಳದ ರಾಮಭಾವು, ಅಬ್ದುಲ್ ಕರೀಂ ಖಾನರ ಶಿಷ್ಯ. ಅವರದು ಹುಟ್ಟಾ ನಯವಾದ ಕಂಠವಲ್ಲ, ದನಿ ಕಾಯಲು ಹೊತ್ತು ಹಿಡಿಯುತ್ತಿತ್ತು. ಕಾದ ಮೇಲೆ ರಾಗ ಒಂದೊಂದೇ ಸ್ವರವಾಗಿ ಬಿಚ್ಚಿಕೊಳ್ಳುತ್ತಿತ್ತು ಎಂದು ಕೇಳಿದವರು ಹೇಳುತ್ತ ಬಂದಿದ್ದಾರೆ. ಅಂಥವರನ್ನು ತಟ್ಟೆಯ ಮುಂದೆ ಕೂರಿಸಿ, ಕೂತೊಡನೆ ಹಾಡಿ, ಮೂರು ನಿಮಿಷಕ್ಕೆ ಮುಗಿಸಿ ಅಂದರೆ? ಸುಮಾರು 56ರ ವಯಸ್ಸಿಗೆ ಪಾರ್ಶ್ವವಾಯು ಬಡಿದು ಅವರ ಕಛೇರಿ ನಿಂತಿತು. ಮಗ್ಗುಲಿಗೆ ಇಪ್ಪತ್ತು ನಿಮಿಷ ಹಿಡಿಯುವ ಎಲ್‌ಪಿ ಅಮೆರಿಕದಲ್ಲಿ ಬಂದದ್ದು 1948ರಲ್ಲಿ. 1952ರಲ್ಲಿ ಅವರು ಇದೇ ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಶಿಷ್ಯ ಭೀಮಸೇನ ಜೋಶಿ ಈ ಉತ್ಸವ ಶುರುಮಾಡಿದರು. ಆ ಎಲ್‌ಪಿಯ ಭಾಗ್ಯ ಶಿಷ್ಯನಿಗೆ ದಕ್ಕಿತು, ಗುರುವಿಗೆ ದಕ್ಕಲಿಲ್ಲ.

ತಟ್ಟೆಗಳೇ ಕೈಹಿಡಿದು ಎಬ್ಬಿಸಿದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಸಂಗೀತ ರಚನಕಾರ ಯೋವಾಕಿಮ್ ರಾಫ್ ಬದುಕಿದ್ದಾಗ ಜರ್ಮನಿಯಲ್ಲಿ ಮನೆಮಾತು. 1882ರಲ್ಲಿ ಸತ್ತ ಮೇಲೆ ಮೆಲ್ಲಗೆ ಮರೆತೇಹೋದ. ಅವನ ಕೊನೆಯ ನಾಲ್ಕು ಸಿಂಫನಿಗಳು ನಾಲ್ಕು ಋತುಗಳ ಮೇಲಿನವು, ಚಳಿಗಾಲದ್ದು ಅಚ್ಚಾದದ್ದೇ ಸತ್ತ ಮೇಲೆ. ಸುಮಾರು ನೂರು ವರ್ಷದ ನಂತರ ಮಾರ್ಕೊ ಪೋಲೊ ಎಂಬ ಕಂಪನಿ ಅವನ್ನು ಧ್ವನಿಮುದ್ರಿಸಿತು. ರಾಫ್‌ನದು ಕಾಗದದ ಮೇಲೆ ಉಳಿದಿತ್ತು, ವಾದ್ಯವೃಂದ ಸೇರಿಸಿದರೆ ಮತ್ತೆ ನುಡಿಯಿತು. ನಮ್ಮ ಖಯಾಲನ್ನು ಹಾಗೆ ಎಬ್ಬಿಸಲು ಬಾರದು. ಸವಾಯಿ ಗಂಧರ್ವರದು ಉಳಿದಿರುವುದು ಹೆಚ್ಚಾಗಿ ಆ ತಟ್ಟೆಗಳೇ.

ಅದಕ್ಕೇ ಅವನ್ನು ಕೇಳುವ ಕಿವಿ ಬೇರೆಯೇ ಇರಬೇಕು. ಮೊದಲ ಸಲ ನನಗೆ ಕೇಳಿದ್ದು ಬರೀ ಗರಗರ. ಮೂರನೆಯ ಸಲ ದನಿ ಮುಂದೆ ಬಂತು, ಗರಗರ ಹಿಂದೆ ಸರಿಯಿತು. ಆಮೇಲೆ ಸಣ್ಣದು ಕಾಣತೊಡಗಿತು: ಸ್ವರದ ಮೇಲೆ ಧೊಪ್ಪನೆ ಕೂರುವುದಿಲ್ಲ ಅವರು, ಪಕ್ಕದ ಸ್ವರವನ್ನು ಸವರಿಕೊಂಡು ಬಂದು ನಿಲ್ಲುತ್ತಾರೆ. ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿಯುವ ಆ ಒಂದು ಕ್ಷಣದಲ್ಲಿ ಭೀಮಸೇನರೂ ಕೇಳಿಸಿದರು, ಅವರ ಶಿಷ್ಯೆ ಗಂಗೂಬಾಯಿಯವರೂ ಕೇಳಿಸಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಆ ತಾಯಿ ಕಲಿಯಹೋಗುತ್ತಿದ್ದದ್ದು ಇದನ್ನೇ.

ಹೋದ ಸಲ ನಾನು ಏಳಲಿಲ್ಲ. ಭೈರವಿ ಶುರುವಾಯಿತು. ಸತರಂಜಿ ಸುತ್ತುತ್ತ ಬಂದ ಹುಡುಗ ನನ್ನ ಸಾಲಿನ ತನಕ ಬಂದು ನಿಂತ. ನಾನು ಏಳಹೋದೆ.

“ಬಸಾ ಮಾವಶಿ,” ಅಂದ.

ಸುತ್ತಿದ ಸತರಂಜಿಯ ಮೇಲೆ ಅವನೂ ಕೂತ.