ಅರಳಿಕಟ್ಟೆಯಿಂದ ಕಲಾಶಾಲೆಗೆ: ಗಿಡಮರಗಳು ಹೇಳುವ ಪ್ರೀತಿ



ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆಯ ನಿಮಗೆ ಅರಳಿಕಟ್ಟೆ ಹೊಸದೇನಲ್ಲ. ಅರಳಿ ಮತ್ತು ಬೇವನ್ನು ಜೊತೆಯಾಗಿ ನೆಟ್ಟು, ಅವಕ್ಕೆ ಮದುವೆ ಮಾಡಿಸುವ ವಾಡಿಕೆ ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಇದೆ. ಅಂದರೆ, ಮನುಷ್ಯರ ನಂಟನ್ನು ಗಿಡಮರಗಳ ಮೂಲಕ ಹೇಳುವುದು ನಮಗೆ ಗೊತ್ತಿರುವ ಸಂಗತಿಯೇ. ಹಾಗಾದರೆ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದಾಗ ಆ ನಂಟನ್ನು ಯಾವ ಗಿಡ ಹೇಳಬೇಕು? ಕೆಲವು ಕಲಾವಿದರು ಈ ಪ್ರಶ್ನೆಗೆ ತಮ್ಮ ಕೆಲಸದಲ್ಲೇ ಉತ್ತರ ಹುಡುಕಿದ್ದಾರೆ.

ಚಿತ್ರವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಆದರೆ ಒಂದು ಕೋಣೆಯನ್ನೋ ಬಯಲನ್ನೋ ಪೂರ್ತಿಯಾಗಿ ಬಳಸಿಕೊಂಡು, ವಸ್ತುಗಳನ್ನು ಅಣಿಗೊಳಿಸಿ, ನೋಡುವವರು ಅದರ ನಡುವೆಯೇ ಓಡಾಡುವಂತೆ ಮಾಡುವುದು ಪ್ರತಿಷ್ಠಾಪನ ಕಲೆ. ಮಣ್ಣು, ಎಲೆ, ಹಣ್ಣಿನ ಸಿಪ್ಪೆ ಏನು ಬೇಕಾದರೂ ಇದರ ಸಾಮಗ್ರಿಯಾಗಬಹುದು.

ಗಿಡಮರಗಳೇ ಏಕೆ? ಇದಕ್ಕೊಂದು ಕಾರಣವಿದೆ. 1860ರ ಭಾರತೀಯ ದಂಡಸಂಹಿತೆಯ 377ನೇ ಕಲಂ ಇಂಥ ಸಂಬಂಧಗಳನ್ನು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ ಎಂದು ಹೆಸರಿಸಿ ಅಪರಾಧವಾಗಿಸಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ಬೆಳೆಸಿದ ಸಂಬಂಧ ಅಪರಾಧವಲ್ಲ ಎಂದು ತೀರ್ಪು ನೀಡಿತು. ಪ್ರಕೃತಿಯ ಹೆಸರಿನಲ್ಲಿ ಹೊರಗಿಟ್ಟವರು ಪ್ರಕೃತಿಯನ್ನೇ ಸಾಕ್ಷಿಗೆ ಕರೆಯುವುದು ಸಹಜವಲ್ಲವೇ?

ನಿಮ್ಮ ತೋಟವನ್ನೇ ನೋಡಿ. ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಇರುತ್ತವೆ. ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ, ದ್ವಿಲಿಂಗಿ ಗಿಡ ಎಂದು ಮೂರು ಬಗೆ. ಹೂವಿನ ಲಿಂಗವೂ ಮನುಷ್ಯರ ಪ್ರೀತಿಯೂ ಒಂದೇ ಅಲ್ಲ, ನಿಜ. ಆದರೆ ಪ್ರಕೃತಿಗೆ ಇರುವುದು ಒಂದೇ ಕ್ರಮ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಈಗ ಎರಡು ಉದಾಹರಣೆಗಳು. ಅಮೆರಿಕದ ಕಲಾವಿದೆ ಝೋಯಿ ಲಿಯೊನಾರ್ಡ್ ಅವರ ಗೆಳೆಯ, ಕಲಾವಿದ ಡೇವಿಡ್ ವೊಯ್ನರೊವಿಚ್ 1992ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅವರು ಸಲಿಂಗಪ್ರೇಮಿಯಾಗಿದ್ದರು. ದುಃಖದಲ್ಲಿದ್ದ ಝೋಯಿ ತಿಂದ ಕಿತ್ತಳೆ, ಬಾಳೆ, ನಿಂಬೆಹಣ್ಣುಗಳ ಸಿಪ್ಪೆಗಳನ್ನು ಸೂಜಿದಾರದಿಂದ ಹೊಲಿದು ಮತ್ತೆ ಹಣ್ಣಿನ ಆಕಾರಕ್ಕೆ ತಂದರು. 1997ರ ಹೊತ್ತಿಗೆ ಇಂಥ ಸುಮಾರು 300 ಸಿಪ್ಪೆಗಳಾದವು. ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿ ಅವನ್ನು ನೆಲದ ಮೇಲೆ ಹರಡಿದರು. ಕೊಳೆಯದಂತೆ ಕಾಪಾಡುವ ವಿಧಾನ ಸಿಕ್ಕರೂ ಅವರು ಅದನ್ನು ಬೇಡವೆಂದರು. ಹೊಲಿಗೆ ಹಣ್ಣನ್ನು ಮರಳಿ ತರಲಾರದು. ಆದರೆ ಹೊಲಿಯುವ ಕೈಯ ಅಕ್ಕರೆ ಕಾಣುತ್ತದೆ.

ಇಂಗ್ಲೆಂಡಿನ ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ ಅವರಿಗೆ ಎಚ್‌ಐವಿ ಸೋಂಕು ಇರುವುದು 1986ರಲ್ಲಿ ತಿಳಿಯಿತು. ಅವರು ಡಂಜನೆಸ್ ಎಂಬ ಕಡಲತೀರದಲ್ಲಿ, ಅಣುವಿದ್ಯುತ್ ಸ್ಥಾವರದ ಹತ್ತಿರ, ಬರೀ ಉರುಟುಗಲ್ಲಿನ ನೆಲದಲ್ಲಿ ಬೇಲಿಯಿಲ್ಲದ ತೋಟ ಮಾಡಿದರು. ಕಡಲು ತಂದೆಸೆದ ಮರದ ತುಂಡುಗಳನ್ನು ಗಿಡಗಳ ನಡುವೆ ನೆಟ್ಟರು. 1994ರಲ್ಲಿ ಅವರು ತೀರಿಕೊಂಡ ಮೇಲೆ ಸಂಗಾತಿ ಕೀತ್ ಕಾಲಿನ್ಸ್ 2018ರಲ್ಲಿ ತಾವು ಸಾಯುವವರೆಗೂ ಆ ಮನೆ, ತೋಟಗಳನ್ನು ನೋಡಿಕೊಂಡರು. ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ಉಳಿಸಿಕೊಂಡರು.

ಕನ್ನಡದಲ್ಲಿ ಈ ಪ್ರೀತಿ ಸಾಹಿತ್ಯದಲ್ಲಿ ಮಾತಾಡಿದೆ. 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವನ್ನು ನೀವು ಓದಬಹುದು. ಆದರೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಅರಳಿಗೂ ಬೇವಿಗೂ ಊರೇ ಕೂಡಿ ಮದುವೆ ಮಾಡುತ್ತದೆ. ಕೆಲವು ಮನುಷ್ಯರಿಗೆ ಆ ಕಟ್ಟೆ ಇನ್ನೂ ಸಿಕ್ಕಿಲ್ಲ.

ನಿಮ್ಮ ತರಗತಿಯಲ್ಲೂ ಅಂಥವರೊಬ್ಬರು ಇರಬಹುದು. ಅದು ನೀವೇ ಆಗಿರಬಹುದು. ಹಾಗಿದ್ದರೆ ಅದು ರೋಗವಲ್ಲ, ತಪ್ಪೂ ಅಲ್ಲ. ನಂಬಿಕೆಯ ಹಿರಿಯರೊಬ್ಬರ ಬಳಿ ಮನಸ್ಸು ಬಿಚ್ಚಿ ಮಾತಾಡಿ. ಗೆಳೆಯರೊಬ್ಬರು ನಿಮ್ಮಲ್ಲಿ ಹೇಳಿಕೊಂಡರೆ ನಗಬೇಡಿ. ಆ ಮಾತನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಎಳೆಯ ಸಸಿಗೆ ಬೇಕಾದಷ್ಟೇ ನೆರಳು ಅವರಿಗೂ ಸಾಕು.