ರಕ್ತದಲ್ಲಿ ಆಮ್ಲಜನಕ: ಬೆರಳು ಹೇಳುವುದೆಷ್ಟು, ಧಮನಿ ಹೇಳುವುದೆಷ್ಟು?

ಕಲ್ಯಾಣವನ್ನು ದಾಟಿ ಕರ್ಜತ್ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲ ನಿಲ್ದಾಣ ವಿಠ್ಠಲವಾಡಿ. ಇಲ್ಲಿಯ ಮನೆಗಳಲ್ಲಿಯೂ, ಮುಂಬಯಿಯ ಇತರ ಉಪನಗರಗಳ ಮನೆಗಳಲ್ಲಿಯೂ, ಜ್ವರ ನೋಡುವ ಥರ್ಮಾಮೀಟರಿನ ಪಕ್ಕದಲ್ಲಿ ಇಂದು ಇನ್ನೊಂದು ಪುಟ್ಟ ಉಪಕರಣ ಸ್ಥಾನ ಪಡೆದಿದೆ. ಅದೇ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. 2020ರಲ್ಲಿ ಕೊರೋನಾ ಹಬ್ಬಿದಾಗ ಧಾರಾವಿಯ ಓಣಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬೆರಳಿಗೆ ಇದನ್ನು ತೊಡಿಸಿ ನೋಡಿದರು. ಆಮ್ಲಜನಕ ಇಳಿದವರನ್ನು ಏದುಸಿರು ಕಾಣಿಸುವ ಮೊದಲೇ ಗುರುತಿಸಲು ಅದರಿಂದ ಸಾಧ್ಯವಾಯಿತು. 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಬೇಕೆಂಬ ಮಾತು ಆಗ ಮಕ್ಕಳಿಗೂ ಬಾಯಿಪಾಠವಾಗಿತ್ತು. ಪಿಡುಗು ಹಿಂದೆ ಸರಿಯಿತು. ಉಪಕರಣ ಮನೆಯಲ್ಲಿ ಉಳಿಯಿತು. ಅದರೊಡನೆ ಒಂದು ತಪ್ಪು ತಿಳಿವಳಿಕೆಯೂ ಉಳಿಯಿತು. ಬೆರಳಿನ ಅಂಕಿ ಸರಿಯಿದ್ದರೆ ಉಸಿರಾಟವೆಲ್ಲವೂ ಸರಿಯಾಗಿದೆ ಎಂಬುದೇ ಆ ತಿಳಿವಳಿಕೆ.

ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದ ಆಮ್ಲಜನಕವು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಧಮನಿಗಳ ಮೂಲಕ ದೇಹವನ್ನೆಲ್ಲ ಸುತ್ತುತ್ತದೆ. ಆಮ್ಲಜನಕ ತುಂಬಿದ ರಕ್ತದ ಕೆಂಪಿಗೂ ಅದನ್ನು ಬಿಟ್ಟುಕೊಟ್ಟ ರಕ್ತದ ಕೆಂಪಿಗೂ ವ್ಯತ್ಯಾಸವುಂಟು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನೂ ಬೆರಳಿನ ಮೂಲಕ ಹಾಯಿಸಿ ಈ ವ್ಯತ್ಯಾಸವನ್ನು ಅಳೆಯುವುದೇ ಉಪಕರಣದ ಕೆಲಸ. ಆದರೆ ಬೆರಳಿನಲ್ಲಿ ಚರ್ಮ, ಮಾಂಸ, ಮಲಿನರಕ್ತ ಎಲ್ಲವೂ ಉಂಟಷ್ಟೆ. ಧಮನಿಯ ರಕ್ತವನ್ನು ಮಾತ್ರ ಬೇರ್ಪಡಿಸಿ ಅಳೆಯುವುದು ಹೇಗೆ? ಜಪಾನಿನ ನಿಹೋನ್ ಕೋಡೆನ್ ಕಂಪನಿಯ ಇಂಜಿನಿಯರ್ ತಕುವೊ ಅವೊಯಾಗಿ ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯವು ಹೊರದೂಡುವ ರಕ್ತದ ಪ್ರಮಾಣವನ್ನು ಅಳೆಯಲು ಯತ್ನಿಸುತ್ತಿದ್ದರು. ನಾಡಿಯ ಮಿಡಿತ ಆ ಅಳತೆಯನ್ನು ಕೆಡಿಸುತ್ತಿತ್ತು. ಮಿಡಿಯುವುದು ಧಮನಿಯ ರಕ್ತವಾದುದರಿಂದ, ತೊಡಕೆಂದು ತೋರಿದ ಆ ಮಿಡಿತವನ್ನೇ ಹಿಡಿದರೆ ಧಮನಿಯ ಲೆಕ್ಕ ಸಿಗುವುದೆಂದು ಅವರಿಗೆ ಹೊಳೆಯಿತು. 1974ರಲ್ಲಿ ಈ ತತ್ತ್ವವನ್ನು ಅವರು ವಿದ್ವಾಂಸರ ಮುಂದಿಟ್ಟರು. ಜಗತ್ತೆಲ್ಲವೂ ಆ ಉಪಕರಣಕ್ಕೆ ಮುಗಿಬಿದ್ದ 2020ರ ಏಪ್ರಿಲ್ ತಿಂಗಳಿನಲ್ಲಿಯೇ ಅವರು ತೀರಿಕೊಂಡುದು ವಿಧಿಯ ವಿಚಿತ್ರ.

ಇಷ್ಟಾದರೂ ಬೆರಳಿನ ಅಂಕಿ ಒಂದು ಅಂದಾಜು ಮಾತ್ರ. ಒಳ್ಳೆಯ ಉಪಕರಣದಲ್ಲಿಯೂ ಎರಡು ಮೂರು ಅಂಶ ಹೆಚ್ಚು ಕಡಿಮೆಯಾಗುವುದುಂಟು. ಬೆರಳು ತಣ್ಣಗಿದ್ದರೆ, ಉಗುರಿಗೆ ದಟ್ಟ ಬಣ್ಣವಿದ್ದರೆ, ಮದುವೆಮನೆಯ ಕಪ್ಪು ಮೆಹಂದಿ ಇನ್ನೂ ಮಾಸದಿದ್ದರೆ ಅದು ತಪ್ಪಬಹುದು. ಮೈಬಣ್ಣದ ಪ್ರಶ್ನೆಯೂ ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆರಳು 92ರಿಂದ 96 ತೋರಿಸುತ್ತಿದ್ದಾಗಲೂ ಧಮನಿಯ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದ ಸಂದರ್ಭಗಳು ಬಿಳಿಯರಿಗಿಂತ ಕರಿಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಕಂಡುಬಂದುವು. ಕನ್ನಡಿಗರ ಮೈಬಣ್ಣವನ್ನು ನೆನೆದರೆ ಇದನ್ನು ದೂರದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ.

ಇನ್ನೂ ಮೋಸದ ಸಂಗತಿಯೊಂದುಂಟು. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಹುಟ್ಟಬಹುದು. ಅದು ಆಮ್ಲಜನಕವನ್ನು ಹೊರದೂಡಿ ಹಿಮೋಗ್ಲೋಬಿನ್ನಿಗೆ ತಾನೇ ಅಂಟಿಕೊಳ್ಳುತ್ತದೆ. ಆ ರಕ್ತವನ್ನು ಬೆರಳಿನ ಉಪಕರಣವು ಆಮ್ಲಜನಕ ತುಂಬಿದ ರಕ್ತವೆಂದೇ ಭ್ರಮಿಸಿ, ಪ್ರಜ್ಞೆ ತಪ್ಪಿದವನಿಗೂ 98 ಎಂದು ತೋರಿಸಬಲ್ಲುದು. ಕೋ-ಆಕ್ಸಿಮೀಟರ್ ಇರುವ ಆಸ್ಪತ್ರೆಯಲ್ಲಿ ರಕ್ತವನ್ನೇ ಪರೀಕ್ಷಿಸದ ಹೊರತು ನಿಜ ಬಯಲಾಗದು. ಬಚ್ಚಲುಮನೆಯೇ ಆಗಬೇಕೆಂದಿಲ್ಲ. 2014ರಲ್ಲಿ ವಾಲಧುನಿ ನದಿಗೆ ರಾಸಾಯನಿಕ ಸುರಿದುದರಿಂದ ಎದ್ದ ಅನಿಲಕ್ಕೆ ಸಿಕ್ಕಿ, ವಿಠ್ಠಲವಾಡಿಗೆ ಹೊಂದಿಕೊಂಡಿರುವ ಉಲ್ಹಾಸನಗರದ ನೂರಾರು ಜನ ಅಸ್ವಸ್ಥರಾದರು. ಯಾವ ಅನಿಲವೇ ಆಗಲಿ, ಅದನ್ನು ಸೇವಿಸಿದವರನ್ನು ಬೆರಳಿನ ಅಂಕಿಯ ಭರವಸೆಯ ಮೇಲೆ ಮನೆಯಲ್ಲಿ ಮಲಗಿಸುವುದು ಅಪಾಯಕರ.

ಎಲ್ಲಕ್ಕಿಂತ ಹೆಚ್ಚಾಗಿ ಕುಟುಂಬಗಳು ಎಡವುವುದು ಹಳೆಯ ಶ್ವಾಸಕೋಶ ರೋಗದ ವಿಷಯದಲ್ಲಿ. ಹಲವು ವರ್ಷ ಬೀಡಿ ಸೇದಿದ ತಂದೆ, ಊರಿನಲ್ಲಿ ಅರ್ಧ ಆಯುಷ್ಯ ಸೌದೆ ಒಲೆಯ ಹೊಗೆ ಕುಡಿದ ತಾಯಿ ಈಗ ಮಗನ ಮನೆಯಲ್ಲಿ ಆಕ್ಸಿಜನ್ ಯಂತ್ರದ ಆಸರೆಯಲ್ಲಿರುವುದು ಅಪರೂಪವಲ್ಲ. ಸಂಜೆಯ ಲೋಕಲ್ ಹಿಡಿದು ಮನೆಗೆ ಬಂದ ಮಗನು ಅಂಕಿ 90 ಎಂದಿರುವುದನ್ನು ಕಂಡು ಗಾಬರಿಯಿಂದ ಯಂತ್ರದ ಪ್ರಮಾಣವನ್ನು ಏರಿಸುತ್ತಾನೆ. ಅಂಕಿ 98ಕ್ಕೆ ಏರುತ್ತದೆ, ಮನೆಯವರಿಗೆ ಸಮಾಧಾನ. ತಂದೆಯಾದರೋ ತೂಕಡಿಸತೊಡಗುತ್ತಾರೆ, ಹಲವು ದಿನಗಳ ಅನಂತರ ನೆಮ್ಮದಿಯ ನಿದ್ರೆ ಬಂತೆಂದು ಯಾರೂ ಎಬ್ಬಿಸುವುದಿಲ್ಲ. ಇಂಥ ರೋಗಿಗಳಲ್ಲಿ ಕೆಲವರಿಗೆ ಆಮ್ಲಜನಕ ಅತಿಯಾದರೆ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಕೂಡಿಕೊಳ್ಳುತ್ತದೆ. ಆದುದರಿಂದಲೇ ಅವರಿಗೆ 88ರಿಂದ 92 ಸಾಕೆಂದು ವೈದ್ಯರು ಗೊತ್ತುಮಾಡುವರು. ಮುಂಜಾನೆಯ ತಲೆನೋವು, ಹಗಲಿನ ಮಂಪರು, ಮಾತಿನಲ್ಲಿ ಗೊಂದಲ, ಚಾಚಿದ ಕೈಗಳ ಅದಿರುವಿಕೆ ಇದರ ಚಿಹ್ನೆಗಳು. ಬೆರಳಿನ ಉಪಕರಣಕ್ಕೆ ಇಂಗಾಲದ ಡೈಆಕ್ಸೈಡ್ ಗೊತ್ತೇ ಇಲ್ಲ.

ಅದನ್ನು ಹೇಳಬಲ್ಲುದು ಧಮನಿಯ ರಕ್ತದ ಪರೀಕ್ಷೆ, ಆಸ್ಪತ್ರೆಯವರು 'ಎ.ಬಿ.ಜಿ.' ಎನ್ನುವುದು ಇದನ್ನೇ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ ರೂಪಿಸಿದ ವಿದ್ಯುದಗ್ರದಿಂದ ಈ ಅಳತೆ ಸುಲಭವಾಯಿತು. ಸಾಮಾನ್ಯವಾಗಿ ನಾಡಿ ನೋಡುವ ಸ್ಥಳದಲ್ಲಿಯೇ, ಮಣಿಕಟ್ಟಿನ ಧಮನಿಗೆ ಸೂಜಿ ಚುಚ್ಚಿ, ಹೆಪ್ಪುಗಟ್ಟದಂತೆ ಹೆಪಾರಿನ್ ಸವರಿದ ಸಿರಿಂಜಿನಲ್ಲಿ ಒಂದೆರಡು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಗಾಳಿಯ ಗುಳ್ಳೆ ಸೇರಿದರೆ ಲೆಕ್ಕ ಕೆಡುವುದರಿಂದ ಅದನ್ನು ಹೊರದೂಡಿ ಕೂಡಲೇ ಯಂತ್ರಕ್ಕೆ ಕೊಡಬೇಕು. ಕೆಲವೇ ನಿಮಿಷಗಳಲ್ಲಿ ಆಮ್ಲಜನಕದ ಒತ್ತಡ, ಇಂಗಾಲದ ಡೈಆಕ್ಸೈಡಿನ ಒತ್ತಡ, ರಕ್ತದ ಆಮ್ಲತೆ ಮೂರೂ ತಿಳಿದುಬರುತ್ತವೆ. ಆರೋಗ್ಯವಂತರಲ್ಲಿ ಮೊದಲನೆಯದು ಪಾದರಸದ 80ರಿಂದ 100 ಮಿಲಿಮೀಟರ್, ಎರಡನೆಯದು 35ರಿಂದ 45. ಆಮ್ಲಜನಕದ ಒತ್ತಡ 60ಕ್ಕೆ ಕುಸಿದಿದ್ದರೂ ಬೆರಳಿನಲ್ಲಿ ಸುಮಾರು 90 ಎಂದೇ ಕಾಣುವುದು. ಅಲ್ಲಿಂದ ಮುಂದಿನ ಇಳಿತ ಮಾತ್ರ ಬಹು ಕಡಿದು.

ಈ ಚುಚ್ಚು ಸಾಧಾರಣ ರಕ್ತಪರೀಕ್ಷೆಗಿಂತ ಹೆಚ್ಚು ನೋಯುವುದು ನಿಜ. "ಬೆರಳಿನಲ್ಲಿ ಸರಿ ತೋರುತ್ತಿದೆಯಲ್ಲ, ಮುದುಕರನ್ನು ಏಕೆ ನೋಯಿಸುವಿರಿ?" ಎಂದು ಬಂಧುಗಳು ತಡೆಯುವುದು ಸಹಜವೇ. ಆದರೆ ಮಂಪರಿನಲ್ಲಿರುವ ರೋಗಿಗೆ ಆಮ್ಲಜನಕ ಹೆಚ್ಚಿಸಬೇಕೋ, ಕಡಿಮೆ ಮಾಡಬೇಕೋ, ಮುಖವಾಡದ ಉಸಿರಾಟ ಯಂತ್ರ ತೊಡಿಸಬೇಕೋ ಎಂಬುದು ಆ ಒಂದೆರಡು ಮಿಲಿಲೀಟರ್ ರಕ್ತದಿಂದಲೇ ನಿರ್ಧಾರವಾಗುವುದು. ಸೂಜಿ ತೆಗೆದ ಮೇಲೆ ಕನಿಷ್ಠ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಿ, ಇನ್ನಷ್ಟು ಹೊತ್ತು ಒತ್ತಿಸಿಕೊಳ್ಳಬೇಕು. ಹಿಂದಿನ ಎ.ಬಿ.ಜಿ. ವರದಿಯಿದ್ದರೆ ಅದನ್ನೂ, ಮನೆಯಲ್ಲಿ ಯಂತ್ರವನ್ನು ಎಷ್ಟು ಲೀಟರಿಗೆ ಇಟ್ಟಿದ್ದರೆಂಬ ಲೆಕ್ಕವನ್ನೂ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯುವುದು ಒಳ್ಳೆಯದು; ರಾತ್ರಿಯ ಪಾಳಿಯ ವೈದ್ಯರು ಮೊದಲು ಕೇಳುವುದು ಅವನ್ನೇ.